ಕಥೆಯ ಗಂಟಿಗೇ ಕೈ ಹಾಕಲಿ ಮಕ್ಕಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಕಥೆಗಳನ್ನು ಹೇಳಿ, ಅದರ ಜೊತೆಗೆ ಏನಾದರೂ ಮಾಡಿಸಿ ಚಿಕ್ಕ ಮಕ್ಕಳಿಗೆ ಕಲಿಸುವ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ಕಥೆಯನ್ನು ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ, ಚಟುವಟಿಕೆ ಮಾತ್ರ ನೀರಸವಾಗುತ್ತದೆ ಇಲ್ಲವೇ ಕೈಕೊಡುತ್ತದೆ. ಕಾಗೆಯ ಚಿತ್ರಕ್ಕೆ ಬಣ್ಣ ತುಂಬಿದ ಮಗುವಿಗೆ ಕಾಗೆಯ ಕಷ್ಟ ಏನೆಂದು ಗೊತ್ತಾಗುವುದಿಲ್ಲ. ಕಥೆಯಲ್ಲಿ ಪಾತ್ರಕ್ಕೆ ದಾರಿ ಕಾಣದೆ ನಿಲ್ಲುವ ಒಂದು ಜಾಗ ಇರುತ್ತದಲ್ಲ, ಆ ಗಂಟನ್ನೇ ಮಗುವಿನ ಕೈಗೆ ಕೊಡಬೇಕು. ಕೆಳಗಿನ ಉತ್ತರಗಳೆಲ್ಲ ಇದನ್ನೇ ಹಿಡಿದು ಹೊರಟಿವೆ.

ಪ್ರಶ್ನೆ: ಬಾಯಾರಿದ ಕಾಗೆಯ ಕಥೆ ಹೇಳಿ ಮಕ್ಕಳಿಂದಲೇ ಜಾಡಿಗೆ ಕಲ್ಲು ಹಾಕಿಸಿದೆ. ಬಾಯಿಯವರೆಗೂ ಕಲ್ಲು ತುಂಬಿದರೂ ನೀರು ಮೇಲೆ ಬರಲಿಲ್ಲ. "ಕಥೆ ಸುಳ್ಳು ಮಿಸ್" ಎಂದುಬಿಟ್ಟರು. ಎಲ್ಲಿ ತಪ್ಪಾಯಿತು?
— ಶಿಶುವಿಹಾರದ ಶಿಕ್ಷಕಿ

ನೀರು ಕಡಿಮೆಯಾಯಿತು, ಅಷ್ಟೆ. ಕಲ್ಲುಗಳನ್ನು ಎಷ್ಟೇ ಒತ್ತಾಗಿ ತುಂಬಿದರೂ ಅವುಗಳ ನಡುವೆ ಸಂದು ಉಳಿಯುತ್ತದೆ. ತುಂಬಿದ ಜಾಗದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಈ ಸಂದೇ. ನೀರು ಮೊದಲು ಅದನ್ನು ತುಂಬಬೇಕು. 15 ಸೆಂ.ಮೀ. ಎತ್ತರದ ಜಾಡಿಯಲ್ಲಿ 4 ಸೆಂ.ಮೀ. ನೀರಿಟ್ಟರೆ ಅದು ಏರುತ್ತಾ ಹೋಗಿ 9–10 ಸೆಂ.ಮೀ. ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಹಾಕಿದ ಕಲ್ಲೆಲ್ಲ ಒಣಗಿಯೇ ಕೂರುತ್ತದೆ. ಆದ್ದರಿಂದ ಜಾಡಿಯ ಅರ್ಧದಷ್ಟು, ಅಂದರೆ 7 ಸೆಂ.ಮೀ. ನೀರಿನಿಂದ ಶುರುಮಾಡಿ. ಗುರಿ ಜಾಡಿಯ ಬಾಯಿ ಆಗಬೇಕಿಲ್ಲ. 12 ಸೆಂ.ಮೀ. ಎತ್ತರದಲ್ಲಿ ಕೆಂಪು ಟೇಪು ಸುತ್ತಿ, "ಕಾಗೆಯ ಕೊಕ್ಕು ಇಲ್ಲಿವರೆಗೆ ಎಟುಕುತ್ತದೆ" ಎಂದರೆ ಸಾಕು.

ಎರಡನೆಯ ತೊಂದರೆ ಕಲ್ಲಿನ ಗಾತ್ರದ್ದು. ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. 7 ಸೆಂ.ಮೀ. ಅಗಲದ ಜಾಡಿಗೆ 2 ಸೆಂ.ಮೀ. ದಪ್ಪದ ಒಂದು ಕಲ್ಲು ಹಾಕಿದರೆ ನೀರು ಏರುವುದು ಒಂದೇ ಒಂದು ಮಿಲಿಮೀಟರಿನಷ್ಟು. ಅದು ಮಗುವಿನ ಕಣ್ಣಿಗೆ ಕಾಣುವುದಿಲ್ಲ. ಹತ್ತು ಕಲ್ಲು ಹಾಕುವಷ್ಟರಲ್ಲಿ ಮಗುವಿನ ಗಮನ ಬೇರೆಲ್ಲೋ ಹೋಗಿರುತ್ತದೆ. ಅದೇ 3 ಸೆಂ.ಮೀ. ದಪ್ಪದ ಕಲ್ಲಾದರೆ ನೀರು ಸುಮಾರು 4 ಮಿಲಿಮೀಟರ್ ಏರುತ್ತದೆ, ಪ್ರತಿ ಕಲ್ಲಿಗೂ ಕಾಣುತ್ತದೆ. ಹದಿನೈದು ಕಲ್ಲಿನೊಳಗೆ ಟೇಪು ಮುಟ್ಟುತ್ತದೆ. ನೀರಿಗೆ ಎರಡು ಹನಿ ಬಣ್ಣ ಹಾಕಿದರೆ ಇನ್ನೂ ಸ್ಪಷ್ಟ. ಜಾಡಿ ಪಾರದರ್ಶಕ ಪ್ಲಾಸ್ಟಿಕ್ಕಿನದೇ ಇರಲಿ, ಕಲ್ಲು ಬಿದ್ದರೆ ಗಾಜು ಒಡೆಯುತ್ತದೆ. ಕಲ್ಲನ್ನು ಮೇಲಿಂದ ಎಸೆಯದೆ ನೀರಿನ ಹತ್ತಿರ ಒಯ್ದು ಬಿಡಲು ಹೇಳಿಕೊಡಿ. ನೀರು ಚಿಮ್ಮಿ ಹೊರಬಿದ್ದರೆ ಮಟ್ಟ ಇಳಿದು ಲೆಕ್ಕ ತಪ್ಪುತ್ತದೆ. ರಂಧ್ರಗಳಿರುವ ಇಟ್ಟಿಗೆ ಚೂರು ನೀರು ಹೀರುತ್ತದೆ, ಅದು ಬೇಡ.

"ಕಥೆ ಸುಳ್ಳು" ಎಂದ ಮಕ್ಕಳಿಗೆ ಒಂದು ವಿಷಯ ಹೇಳಿ. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಗೆಯ ಬಳಗದ ರೂಕ್ ಎಂಬ ಹಕ್ಕಿಗಳು ನಿಜವಾಗಿಯೂ ಕಲ್ಲು ಹಾಕಿ, ಕೊಳವೆಯ ನೀರಿನಲ್ಲಿ ತೇಲುತ್ತಿದ್ದ ಹುಳುವನ್ನು ಮೇಲಕ್ಕೆ ತಂದುಕೊಂಡವು. ಸಣ್ಣ ಕಲ್ಲಿಗಿಂತ ದೊಡ್ಡ ಕಲ್ಲು ಮೇಲು ಎಂಬುದನ್ನೂ ಕಲಿತವು. ಇಂಥದೇ ಒಗಟನ್ನು ಮಕ್ಕಳ ಮುಂದಿಟ್ಟಾಗ (2012ರ ಅಧ್ಯಯನ) 5ರಿಂದ 7 ವರ್ಷದವರು ಕೆಲವು ಸಲ ಮಾಡಿ ನೋಡಿ ಕಲಿತರು; 8 ದಾಟಿದವರು ಮೊದಲ ಸಲವೇ ಗೆದ್ದರು. ಹಾಗಾಗಿ ನಿಮ್ಮ ಮಕ್ಕಳಿಗೆ ಒಂದೇ ಅವಕಾಶ ಕೊಟ್ಟು ನಿಲ್ಲಿಸಬೇಡಿ. ಕಲ್ಲಿನ ಪಕ್ಕ ಥರ್ಮೋಕೋಲ್ ತುಂಡು, ಮರದ ತುಂಡು, ಪ್ಲಾಸ್ಟಿಕ್ ಮುಚ್ಚಳ ಇಟ್ಟು ಆರಿಸಲು ಬಿಡಿ. ಮೊದಲ ಸಲ ಕೆಲವರಾದರೂ ತೇಲುವುದನ್ನು ಹಾಕಿಯೇ ಹಾಕುತ್ತಾರೆ. ಅಡ್ಡ ಬರಬೇಡಿ.

ಕೊನೆಗೆ "ನೀರು ಮೊದಲಿಗಿಂತ ಜಾಸ್ತಿ ಆಯಿತಾ?" ಎಂದು ಕೇಳಿ. ನಾಲ್ಕೈದು ವರ್ಷದ ಬಹಳಷ್ಟು ಮಕ್ಕಳು "ಹೌದು" ಎನ್ನುತ್ತಾರೆ. ಎತ್ತರವಾಗಿ ಕಂಡಿದ್ದೆಲ್ಲ ಹೆಚ್ಚು ಎಂದುಕೊಳ್ಳುವ ವಯಸ್ಸು ಅದು. ಬಾಯಲ್ಲಿ ತಿದ್ದುವುದು ಬೇಡ. ಕಲ್ಲುಗಳನ್ನು ಒಂದೊಂದಾಗಿ ತೆಗೆಸಿ, ನೀರು ಹಳೆಯ ಗುರುತಿಗೆ ಇಳಿಯುವುದನ್ನು ಅವರೇ ನೋಡಲಿ.

ಪ್ರಶ್ನೆ: ಮೂರೂವರೆ ವರ್ಷದ ಮಗಳಿಗೆ ದಿನವೂ ಅದೇ ಕಥೆ ಬೇಕು. ಒಂದು ಪದ ಬದಲಾದರೂ ಹಟ. ಹೊಸ ಕಥೆಗಳನ್ನು ಕೇಳಿಸುವುದು ಹೇಗೆ?
— ಒಬ್ಬ ತಂದೆ

ಹೇಳಿ, ಅದೇ ಕಥೆಯನ್ನೇ ಹೇಳಿ. ಮೂರು ವರ್ಷದ ಮಕ್ಕಳಿಗೆ ಹೊಸ ಪದಗಳಿರುವ ಕಥೆಗಳನ್ನು ಓದಿ ಹೇಳಿದ 2011ರ ಒಂದು ಅಧ್ಯಯನದಲ್ಲಿ, ಬೇರೆ ಬೇರೆ ಕಥೆ ಕೇಳಿದವರಿಗಿಂತ ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದವರು ಆ ಪದಗಳನ್ನು ಚೆನ್ನಾಗಿ ಕಲಿತರು. ಎರಡೂ ಗುಂಪಿನವರ ಕಿವಿಗೆ ಪದಗಳು ಬಿದ್ದದ್ದು ಅಷ್ಟೇ ಸಲ. ಮುಂದೇನು ಬರುತ್ತದೆ ಎಂದು ಗೊತ್ತಿರುವಾಗ ಮಗುವಿನ ಗಮನ ಹೊಸ ಪದದ ಮೇಲೆ ನಿಲ್ಲಲು ಬಿಡುವು ಸಿಗುತ್ತದೆ. ಮಗಳ ಹಟದಲ್ಲಿ ಕಲಿಕೆಯೇ ಇದೆ.

ಕಥೆ ಬದಲಿಸುವ ಬದಲು ಅವಳ ಪಾಲನ್ನು ಹೆಚ್ಚಿಸುತ್ತಾ ಹೋಗಿ. ಸರಪಳಿ ಕಥೆಗಳು ಇದಕ್ಕೆ ಹೇಳಿ ಮಾಡಿಸಿದವು. ದೊಡ್ಡ ಗೆಡ್ಡೆಯನ್ನು ಅಜ್ಜ ಎಳೆದ, ಬರಲಿಲ್ಲ. ಅಜ್ಜನನ್ನು ಅಜ್ಜಿ ಹಿಡಿದು ಎಳೆದಳು, ಬರಲಿಲ್ಲ. ಹೀಗೆ ಮೊಮ್ಮಗಳು, ನಾಯಿ, ಬೆಕ್ಕು ಬಂದು, ಕೊನೆಗೆ ಇಲಿಯೂ ಕೈಗೂಡಿಸಿದಾಗ ಬಂತು ಎನ್ನುವ ಕಥೆ ಗೊತ್ತಲ್ಲ. ಎರಡು ದಿನ ಪೂರ್ತಿ ನೀವೇ ಹೇಳಿ. ಮೂರನೆಯ ದಿನ "ಎಳೆದರು, ಎಳೆದರು..." ಎಂದು ನಿಲ್ಲಿಸಿ ಐದು ಸೆಕೆಂಡ್ ಕಾಯಿರಿ. ಈ ಕಾಯುವಿಕೆಯೇ ಕಷ್ಟ. ದೊಡ್ಡವರು ಎರಡೇ ಸೆಕೆಂಡಿಗೆ ತಾವೇ ಉತ್ತರ ಹೇಳಿಬಿಡುತ್ತಾರೆ. ಆಮೇಲೆ ಒಂದು ದಪ್ಪ ದಿಂಬಿಗೆ ಹಳೆಯ ಪಂಚೆ ಕಟ್ಟಿ ಮಂಚದ ಕೆಳಗೆ ಸಿಕ್ಕಿಸಿ, ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಎಳೆಯುವ ಆಟ ಆಡಿಸಿ. ಯಾರು ಮೊದಲು, ಯಾರ ಹಿಂದೆ ಯಾರು, ಎಲ್ಲರಿಗಿಂತ ಚಿಕ್ಕವರು ಯಾರು ಎಂಬ ಗಣಿತವೆಲ್ಲ ಅಲ್ಲೇ ಬರುತ್ತದೆ. ಅವಳು ನಾಯಿಯ ಬದಲು ಆನೆಯನ್ನು ತಂದು ನಿಲ್ಲಿಸಿದ ದಿನ ಹೊಸ ಕಥೆಗೆ ಸಿದ್ಧಳಾದಳೆಂದೇ ಲೆಕ್ಕ.

ಪ್ರಶ್ನೆ: "ತೋಳ ಬಂತು ತೋಳ" ಕಥೆಯನ್ನು ಹಲವು ಸಲ ಹೇಳಿದ್ದೇನೆ. ಐದು ವರ್ಷದ ಮಗ ಸುಳ್ಳು ಹೇಳುವುದನ್ನು ಬಿಟ್ಟಿಲ್ಲ. ನೀತಿಯನ್ನು ಇನ್ನೂ ಬಿಡಿಸಿ ಹೇಳಬೇಕೇ?
— ಒಬ್ಬ ತಾಯಿ

ಬೇಡ. ಬಿಡಿಸಿ ಹೇಳಿದಷ್ಟೂ ಮಗು ನೀತಿಯ ಸಾಲನ್ನು ಬಾಯಿಪಾಠ ಮಾಡುತ್ತದೆ, ಅಷ್ಟೆ. ಈ ಕಥೆಯನ್ನೇ ಹಿಡಿದು ನಡೆದ ಅಧ್ಯಯನವೊಂದಿದೆ. 2014ರಲ್ಲಿ ಪ್ರಕಟವಾದ ಅದರಲ್ಲಿ 3ರಿಂದ 7 ವರ್ಷದ ಮಕ್ಕಳಿಗೆ ಕದ್ದು ನೋಡಬಾರದೆಂದು ಹೇಳಿ ಆಟಿಕೆಯೊಂದನ್ನು ಹಿಂದೆ ಇಡಲಾಯಿತು. ಆಮೇಲೆ ಒಂದು ಕಥೆ ಹೇಳಿ, ನೋಡಿದೆಯಾ ಎಂದು ಕೇಳಲಾಯಿತು. ತೋಳದ ಕಥೆ ಕೇಳಿದವರೂ, ಸುಳ್ಳಿಗೆ ಮೂಗು ಉದ್ದವಾಗುವ ಪಿನೋಕಿಯೋ ಕಥೆ ಕೇಳಿದವರೂ ಹೆಚ್ಚು ನಿಜ ಹೇಳಲಿಲ್ಲ. ನಿಜ ಹೇಳಿದ್ದು ಹೆಚ್ಚಾದದ್ದು, ಚೆರ್ರಿ ಗಿಡ ಕಡಿದ ಬಾಲಕ ಜಾರ್ಜ್ ವಾಷಿಂಗ್ಟನ್ ತಪ್ಪೊಪ್ಪಿಕೊಂಡು ಅಪ್ಪನಿಂದ ಮೆಚ್ಚುಗೆ ಪಡೆಯುವ ಕಥೆ ಕೇಳಿದವರಲ್ಲಿ. ಆ ಕಥೆಯ ಕೊನೆಯನ್ನು ಶಿಕ್ಷೆಗೆ ತಿರುಗಿಸಿದಾಗ ಅದರ ಪರಿಣಾಮವೂ ಹೋಯಿತು. ಸುಳ್ಳಿಗೆ ಏನು ಶಿಕ್ಷೆ ಎಂಬುದು ಮಗುವಿಗೆ ಮೊದಲೇ ಗೊತ್ತಿರುತ್ತದೆ. ನಿಜ ಹೇಳಿದರೆ ಏನಾಗುತ್ತದೆ ಎಂಬುದು ಗೊತ್ತಿರುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಪುಣ್ಯಕೋಟಿಯ ಕಥೆ ಈ ಕೆಲಸಕ್ಕೆ ತೋಳದ ಕಥೆಗಿಂತ ಎಷ್ಟೋ ಮೇಲು. ಅಲ್ಲಿ ಮಾತು ಉಳಿಸಿಕೊಂಡದ್ದೇ ಹಸುವನ್ನು ಕಾಪಾಡುತ್ತದೆ. ಅದರ ಗಂಟು ಇರುವುದು ಹುಲಿಯ ಮುಂದೆ ಅಲ್ಲ, ಕೊಟ್ಟಿಗೆಯಲ್ಲಿ: ಕರು ಬಿಗಿಯಾಗಿ ಒರಗಿಕೊಂಡಿದೆ, ಮಾತು ಕೊಟ್ಟಾಗಿದೆ, ಏನು ಮಾಡಲಿ? ನೆಲದ ಮೇಲೆ ಹಗ್ಗದಿಂದ ಎರಡು ದಾರಿ ಎಳೆದು, ಒಂದರ ತುದಿಗೆ ಕೊಟ್ಟಿಗೆ, ಇನ್ನೊಂದರ ತುದಿಗೆ ಗುಹೆ ಇಡಿ. ಮಗ ಹಸುವಾಗಿ ನಡುವೆ ನಿಲ್ಲಲಿ. ನೀವು ಒಮ್ಮೆ ಕರುವಾಗಿ, ಒಮ್ಮೆ ಹುಲಿಯಾಗಿ ಕರೆಯಿರಿ. ಅವನು ಕೊಟ್ಟಿಗೆಯಲ್ಲೇ ಉಳಿಯುತ್ತೇನೆ ಎಂದರೆ ಗದರಬೇಡಿ, "ಆಮೇಲೆ ಹುಲಿ ಏನಂದುಕೊಂಡಿತು?" ಎಂದು ಮುಂದುವರಿಸಿ.

ಇನ್ನೊಂದು ಮಾತು. ಪ್ರಾಣಿಗಳೇ ಪಾತ್ರಗಳಾದ ಕಥೆಯಿಂದ ಚಿಕ್ಕ ಮಕ್ಕಳು ತಮ್ಮ ನಡವಳಿಕೆಗೆ ಪಾಠ ತೆಗೆದುಕೊಳ್ಳುವುದು ಕಷ್ಟ. ಹಂಚಿಕೊಳ್ಳುವ ಕಥೆಯೊಂದನ್ನು 4ರಿಂದ 6 ವರ್ಷದವರಿಗೆ ಹೇಳಿದ ಕೆನಡಾದ ಅಧ್ಯಯನದಲ್ಲಿ, ಪಾತ್ರಗಳು ಮನುಷ್ಯರಾಗಿದ್ದಾಗ ಮಕ್ಕಳು ತಮ್ಮ ಸ್ಟಿಕ್ಕರುಗಳನ್ನು ಹೆಚ್ಚು ಹಂಚಿದರು, ಪ್ರಾಣಿಗಳಾಗಿದ್ದಾಗ ಹಾಗಾಗಲಿಲ್ಲ. ಹಾಗೆಂದು ಪ್ರಾಣಿ ಕಥೆ ಬಿಡಬೇಕಿಲ್ಲ. ಆಟ ಮುಗಿದ ಮೇಲೆ ಅದೇ ಗಂಟನ್ನು ಮನೆಯ ಮಾತಿಗೆ ಇಳಿಸಿ: "ನೀನು ಲೋಟ ಒಡೆದೆ, ಯಾರೂ ನೋಡಲಿಲ್ಲ, ಈಗ?" ಅವನು ನಿಜ ಹೇಳಿದ ದಿನ ಆ ಅಪ್ಪನಂತೆ ಮೆಚ್ಚಿಕೊಳ್ಳಲು ಮರೆಯಬೇಡಿ. ಅಂದು ಬೈದರೆ ಕಥೆ ಕಟ್ಟಿದ್ದೆಲ್ಲ ಕುಸಿಯುತ್ತದೆ.

ಪ್ರಶ್ನೆ: ತರಗತಿಯಲ್ಲಿ ಮೂವತ್ತು ಮಕ್ಕಳು. ಕಾಗಕ್ಕ–ಗುಬ್ಬಕ್ಕನ ಕಥೆಗೆ ಎಲ್ಲರೂ ಸೇರಿ ಮಾಡಬಹುದಾದ ಚಟುವಟಿಕೆ ತಿಳಿಸಿ. ಮನೆಯ ಮಾದರಿ ಮಾಡಿಸಿದರೆ ಅರ್ಧ ಮಕ್ಕಳು ಸುಮ್ಮನೆ ಕೂರುತ್ತಾರೆ.
— ಒಂದನೇ ತರಗತಿಯ ಶಿಕ್ಷಕ

ಮಾದರಿ ಮನೆ ಬೇಡ, ಮಳೆ ಬರಲಿ. ಈ ಕಥೆಯ ಗಂಟು ಮಳೆಯೇ. ಗುಬ್ಬಕ್ಕನದು ಕಲ್ಲಿನ ಮನೆಯೋ ಮೇಣದ ಮನೆಯೋ, ಕಾಗಕ್ಕನದು ಮಣ್ಣಿನದೋ ಉಪ್ಪಿನದೋ ಎಂಬುದು ಹೇಳುವವರ ಬಾಯಲ್ಲಿ ಬದಲಾಗುತ್ತದೆ. ಅದನ್ನೇ ಲಾಭವಾಗಿ ಮಾಡಿಕೊಂಡು ನಾಲ್ಕೂ ಬಗೆಯನ್ನು ಪರೀಕ್ಷಿಸಿ.

ಹಿಂದಿನ ದಿನವೇ ತಯಾರಿ ಬೇಕು. ನಾಲ್ಕು ದೊಡ್ಡ ಚಮಚ ಪುಡಿ ಉಪ್ಪಿಗೆ ಒಂದು ಚಿಕ್ಕ ಚಮಚ ನೀರು ಬೆರೆಸಿ, ಪುಟ್ಟ ಬಟ್ಟಲಿಗೆ ಒತ್ತಿ ತುಂಬಿ, ತಟ್ಟೆಯ ಮೇಲೆ ಕವುಚಿ ರಾತ್ರಿಯಿಡೀ ಒಣಗಲು ಬಿಡಿ, ಗಟ್ಟಿ ಗಡ್ಡೆಯಾಗುತ್ತದೆ. ನೀರು ಹೆಚ್ಚಾದರೆ ಕವುಚಿದಾಗಲೇ ಕುಸಿಯುತ್ತದೆ. ಜೇಡಿಮಣ್ಣಿನದೂ ಅದೇ ಗಾತ್ರದ್ದನ್ನು ಮಾಡಿ ಪೂರ್ತಿ ಒಣಗಿಸಿ. ಮೇಣಕ್ಕೆ ಮೇಣದಬತ್ತಿಯ ದಪ್ಪ ತುಂಡು, ಕಲ್ಲಿಗೆ ಕಲ್ಲು. ಮಳೆಗೆ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ದಬ್ಬಳದಿಂದ ಆರು ತೂತು ಮಾಡಿ. ಪ್ರತಿ ಮನೆಗೂ 200 ಮಿ.ಲೀ. ನೀರು, ಒಂದು ಗೇಣು ಎತ್ತರದಿಂದ. ಈ ಅಳತೆ ಬಿಗಿಯಾಗಿರಲಿ. ಒಬ್ಬರು ಲೋಟದಿಂದ ಸುರಿದು, ಇನ್ನೊಬ್ಬರು ಚಿಮುಕಿಸಿದರೆ ಮನೆ ಬಿದ್ದದ್ದು ನೀರಿನ ರಭಸಕ್ಕೋ ಕರಗಿದ್ದಕ್ಕೋ ಯಾರಿಗೂ ತಿಳಿಯುವುದಿಲ್ಲ. ಈ ಚಟುವಟಿಕೆ ಕೆಡುವುದು ಹೆಚ್ಚಾಗಿ ಇಲ್ಲೇ.

ನೀರು ಹಾಕುವ ಮೊದಲು ಪ್ರತಿ ಮಗುವೂ ಊಹೆ ಹೇಳಬೇಕು. ಯಾವ ಮನೆ ಉಳಿಯುತ್ತದೆ ಎನಿಸುತ್ತದೋ ಅದರ ಮುಂದೆ ತನ್ನ ಹೆಸರಿನ ಚೀಟಿ ಇಡಲಿ. ಚೀಟಿ ಇಟ್ಟ ಮಗು ಕೊನೆಯವರೆಗೂ ನೋಡುತ್ತದೆ. ಮಳೆ ನಿಂತ ಮೇಲೆ ತಟ್ಟೆಯ ನೀರನ್ನು ಬೇರೆ ಬೇರೆ ಲೋಟಕ್ಕೆ ಬಸಿದು ಹತ್ತು ನಿಮಿಷ ಬಿಡಿ. ಮಣ್ಣು ತಳದಲ್ಲಿ ಕೂರುತ್ತದೆ. ಉಪ್ಪು ಕಾಣುವುದೇ ಇಲ್ಲ. ಎರಡೂ ಮನೆ ಹೋದವು, ಹೋದ ಬಗೆ ಬೇರೆ. ಇದನ್ನು ಮಕ್ಕಳ ಬಾಯಿಂದಲೇ ಬರಿಸಿ. "ಉಪ್ಪು ಎಲ್ಲಿ ಹೋಯಿತು?" ಎಂದು ಕೇಳಿ, ಆ ನೀರನ್ನು ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ ಬಿಸಿಲಿಗಿಡಿ. ಒಂದೆರಡು ದಿನದಲ್ಲಿ ಉಪ್ಪು ಮರಳಿ ಬರುವುದನ್ನು ನೋಡಿದ ಮಗು ಕರಗುವುದು ಎಂದರೇನೆಂದು ಮರೆಯುವುದಿಲ್ಲ. ಮೇಣದ ಮನೆ ಗೆದ್ದಿತೆಂದು ಎಲ್ಲರೂ ಒಪ್ಪಿದ ಮೇಲೆ ಅದನ್ನು ಬಿರುಬಿಸಿಲಿಗಿಟ್ಟು ಮುಟ್ಟಿ ನೋಡಲು ಹೇಳಿ. ಮೆತ್ತಗಾಗಿರುತ್ತದೆ. ಹಾಗಾದರೆ ಗುಬ್ಬಕ್ಕ ಬೇಸಿಗೆಗೆ ಏನು ಮಾಡಬೇಕು?

ಮೂವತ್ತು ಮಂದಿ ಒಮ್ಮೆಗೇ ಮಳೆ ಸುರಿಸಲಾಗದು. ಹತ್ತು ಹತ್ತರ ಮೂರು ಗುಂಪು ಮಾಡಿ, ಹನ್ನೆರಡು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಹಾಗಾಗಿ ಉಪ್ಪಿನ, ಮಣ್ಣಿನ ಮನೆ ಮೂರು ಮೂರು ಬೇಕು. ಮಳೆಯ ಮೂಲೆಯಲ್ಲಿ ನೀವಿರಿ. ಎರಡನೆಯ ಮೂಲೆಯಲ್ಲಿ ಒಂದು ರಟ್ಟಿನ ಬಾಗಿಲು: ಹೊರಗೆ ಕಾಗಕ್ಕ, ಒಳಗೆ ಗುಬ್ಬಕ್ಕ. "ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು ತೆಗಿ", "ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ". ಪ್ರತಿ ಸಲವೂ ಗುಬ್ಬಕ್ಕ ಹೊಸ ನೆಪ ಹೇಳಬೇಕೆಂಬ ನಿಯಮ ಇಟ್ಟರೆ ಮಾತು ತಾನಾಗಿ ಬೆಳೆಯುತ್ತದೆ. ಮೂರನೆಯ ಮೂಲೆಯಲ್ಲಿ ಐದು ಚಿತ್ರಪಟಗಳನ್ನು ಕಥೆಯ ಸಾಲಿನಂತೆ ಜೋಡಿಸುವುದು. ಕಾಗಕ್ಕ ಸೋಮಾರಿ, ಅದಕ್ಕೇ ಹೀಗಾಯಿತು ಎಂದು ತೀರ್ಪು ಕೊಟ್ಟು ಮುಗಿಸಬೇಡಿ. ಮಳೆಯಲ್ಲಿ ನೆನೆಯುತ್ತಾ ನಿಂತ ಮಗುವಿಗೆ ಬಾಗಿಲು ತೆಗೆಯದಿದ್ದಾಗ ಹೇಗನಿಸಿತು ಎಂದು ಕೇಳಿ; ಎರಡೂ ಕಡೆಯ ಪಾತ್ರ ಮಾಡಿದ ಮಕ್ಕಳಿಗೆ ಹೇಳಲು ಬಹಳ ಇರುತ್ತದೆ.

ಪ್ರಶ್ನೆ: ನೆರಳು ಬೊಂಬೆಯಾಟ ಮಾಡಿಸಿದೆವು. ನೆರಳು ಮಸುಕು, ಬೊಂಬೆ ಹಿಡಿದವರ ಕೈಯೂ ಕಾಣುತ್ತದೆ. ಸರಿಪಡಿಸುವುದು ಹೇಗೆ?
— ಗ್ರಂಥಾಲಯದ ಮಕ್ಕಳ ವಿಭಾಗದವರು

ಮಸುಕಿಗೆ ಕಾರಣ ಬೆಳಕಿನ ಮೂಲ ದೊಡ್ಡದಾಗಿರುವುದು. ಟ್ಯೂಬ್‌ಲೈಟಿನ ಉದ್ದಕ್ಕೂ ಬೆಳಕು ಹೊರಡುತ್ತದೆ, ಒಂದೊಂದು ಕಡೆಯಿಂದ ಒಂದೊಂದು ನೆರಳು ಬಿದ್ದು ಅಂಚು ಕಲಸಿಹೋಗುತ್ತದೆ. ಒಂದೇ ಎಲ್‌ಇಡಿ ಇರುವ ಟಾರ್ಚು ಬಳಸಿ. ಕೆಲವು ಮೊಬೈಲುಗಳಲ್ಲಿ ಪಕ್ಕಪಕ್ಕ ಎರಡು ದೀಪಗಳಿರುತ್ತವೆ, ಆಗ ಅಂಚು ಎರಡೆರಡಾಗಿ ಕಾಣುತ್ತದೆ. ಒಂದಕ್ಕೆ ಕಪ್ಪು ಟೇಪು ಅಂಟಿಸಿ. ಪರದೆಗೆ 60×40 ಸೆಂ.ಮೀ. ಚೌಕಟ್ಟಿಗೆ ಬಿಳಿ ಹತ್ತಿ ಬಟ್ಟೆಯನ್ನು ಸುಕ್ಕಿಲ್ಲದೆ ಬಿಗಿದು ಕಟ್ಟಿ. ದೀಪ ಪರದೆಯ ಹಿಂದೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ, ಆಡಿಸುವವರ ತಲೆಗಿಂತ ಮೇಲೆ ಇರಲಿ. ಬೊಂಬೆ ಪರದೆಗೆ ತಾಗಿರಬೇಕು. ನೋಡುವವರ ಕಡೆ ಕತ್ತಲಿರಬೇಕು.

ಕೈ ಕಾಣುವುದು ಕಡ್ಡಿ ಗಿಡ್ಡವಾಗಿದ್ದರೆ. 25–30 ಸೆಂ.ಮೀ. ಕಡ್ಡಿಯನ್ನು ಬೊಂಬೆಯ ಬೆನ್ನಿಗೆ ನೇರ ಹಿಂದಕ್ಕೆ ಚಾಚುವಂತೆ ಅಂಟಿಸಿ. ಕೆಳಗಿಂದ ಹಿಡಿಯುವಂತೆ ಅಂಟಿಸಿದರೆ ಕೈ ಬೆಳಕಿಗೆ ಅಡ್ಡ ಬರುತ್ತದೆ. ಬೊಂಬೆ 15–20 ಸೆಂ.ಮೀ. ಎತ್ತರದ ದಪ್ಪ ರಟ್ಟಿನದಾಗಿರಲಿ, ಪಕ್ಕನೋಟದಲ್ಲೇ ಕತ್ತರಿಸಿ. ಎದುರುನೋಟದ ಹುಲಿಯ ನೆರಳು ಬರೀ ದುಂಡಗೆ ಕಾಣುತ್ತದೆ. ಪಕ್ಕನೋಟದಲ್ಲಿ ಬಾಲ, ಕಿವಿ, ತೆರೆದ ಬಾಯಿ ಎಲ್ಲ ತಿಳಿಯುತ್ತದೆ. ಕಣ್ಣಿನ ತೂತು ಅರ್ಧ ಸೆಂ.ಮೀ.ಗಿಂತ ಚಿಕ್ಕದಾದರೆ ಕಾಣುವುದಿಲ್ಲ. ಇನ್ನೊಂದು ಗೊಂದಲ: ಹಿಂದೆ ನಿಂತವರಿಗೆ ಎಡವಾದದ್ದು ನೋಡುವವರಿಗೆ ಬಲ. "ಬಲದಿಂದ ಬಾ" ಎನ್ನುವ ಬದಲು ಚೌಕಟ್ಟಿನ ಒಂದು ಬದಿಗೆ ಮರ, ಇನ್ನೊಂದು ಬದಿಗೆ ಮನೆ ಅಂಟಿಸಿ "ಮರದ ಕಡೆಯಿಂದ ಬಾ" ಎನ್ನಿ.

ಬೊಂಬೆಯನ್ನು ದೀಪದ ಕಡೆ ಒಯ್ದಂತೆ ನೆರಳು ದೊಡ್ಡದಾಗುತ್ತದೆ. ದೀಪಕ್ಕೂ ಪರದೆಗೂ ನಟ್ಟನಡುವೆ ಹಿಡಿದರೆ ಎರಡು ಪಟ್ಟು. ಅಂಚು ಸ್ವಲ್ಪ ಮಸುಕಾದರೂ ಸರಿ, ಇದನ್ನು ಮಕ್ಕಳೇ ಕಂಡುಕೊಳ್ಳಲು ಬಿಡಿ. ದೀಪವನ್ನು ನೇರ ದಿಟ್ಟಿಸದಂತೆ ನೋಡಿಕೊಳ್ಳಿ. ಬಟನ್ ಸೆಲ್ ಹಾಕುವ ಅಗ್ಗದ ಪುಟ್ಟ ದೀಪಗಳನ್ನು ಮಾತ್ರ ಖಂಡಿತ ತರಬೇಡಿ. ಆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಪ್ರಶ್ನೆ: ಕಥೆಯಲ್ಲಿ ಹುಲಿ ಬಂದರೆ ನಾಲ್ಕು ವರ್ಷದ ಮೊಮ್ಮಗ ಹೆದರಿ ಅಳುತ್ತಾನೆ. ಹುಲಿಯನ್ನೇ ಬಿಟ್ಟು ಹೇಳಲೇ?
— ಒಬ್ಬ ಅಜ್ಜಿ

ಹುಲಿಯನ್ನು ಬಿಟ್ಟರೆ ಕಥೆಯೇ ಉಳಿಯುವುದಿಲ್ಲ ಅಜ್ಜಿ. ಹೇಳುವ ಬಗೆ ಬದಲಿಸಿ. ದೀಪ ಆರಿಸಿದ ಮೇಲೆ ಈ ಕಥೆ ಬೇಡ, ಹಗಲಲ್ಲಿ ಹೇಳಿ. ಹುಲಿಯ ಗರ್ಜನೆಯನ್ನು ನೀವು ಮಾಡಬೇಡಿ, ಅವನ ಕೈಲಿ ಮಾಡಿಸಿ. ಭಯ ಹುಟ್ಟುವುದು ಕಥೆಗಿಂತ ಹೆಚ್ಚಾಗಿ ಹೇಳುವವರ ದನಿ, ಕಣ್ಣಿನಿಂದ. "ಈಗ ಹುಲಿ ಬರುತ್ತದೆ, ಬರಲೇ, ತಾಳಲೇ?" ಎಂದು ಮೊದಲೇ ಕೇಳಿ, ಅವನು ಕೈ ಎತ್ತಿದರೆ ಹುಲಿ ನಿಲ್ಲಲೇಬೇಕು. ಮೇಲೆ ಹೇಳಿದ ನೆರಳಿನ ಆಟ ಇಂಥ ಮಕ್ಕಳಿಗೆ ಬಹಳ ಒಳ್ಳೆಯದು. ಹುಲಿಯ ಬೊಂಬೆ ಅವನ ಕೈಯಲ್ಲಿರಲಿ. ದೀಪದ ಹತ್ತಿರ ಒಯ್ದರೆ ಹುಲಿ ಗೋಡೆಯಷ್ಟಾಗುತ್ತದೆ, ಪರದೆಗೆ ತಂದರೆ ಬೆಕ್ಕಿನಷ್ಟಾಗುತ್ತದೆ, ಎರಡೂ ಅವನ ಇಷ್ಟದಂತೆ.

ಪುಣ್ಯಕೋಟಿಯ ಕೊನೆಯಲ್ಲಿ ಹುಲಿ ಪ್ರಾಣ ಬಿಡುವುದಕ್ಕೆ ಅತ್ತರೆ ಅದು ಭಯವಲ್ಲ, ಮರುಕ. ಅಳಲು ಬಿಡಿ, ಪಕ್ಕದಲ್ಲಿ ಕೂತಿರಿ. ಆದರೆ ಎರಡು ಮೂರು ವಾರವಾದರೂ ನಿದ್ದೆಯಲ್ಲಿ ಬೆಚ್ಚುತ್ತಿದ್ದರೆ ಆ ಕಥೆಯನ್ನು ಒಂದು ವರ್ಷ ಪಕ್ಕಕ್ಕಿಡಿ.

ಪ್ರಶ್ನೆ: ಉಪ್ಪು–ಹಿಟ್ಟಿನ ಬೊಂಬೆಗಳು ಒಣಗುವಾಗ ಬಿರುಕು ಬಿಡುತ್ತವೆ. ಏಕೆ?

ಹೊರಗೆ ಬೇಗ ಒಣಗಿ, ಒಳಗೆ ಹಸಿ ಉಳಿದಾಗ ಬಿರುಕು ಬರುತ್ತದೆ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ನುಣ್ಣನೆಯ ಉಪ್ಪು, ಮುಕ್ಕಾಲು ಬಟ್ಟಲು ನೀರು. ನೀರನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಏಳೆಂಟು ನಿಮಿಷ ಚೆನ್ನಾಗಿ ನಾದಿ. ಬೊಂಬೆಯ ದಪ್ಪ ಎಲ್ಲೂ ಒಂದು ಸೆಂ.ಮೀ. ದಾಟಬಾರದು. ದಪ್ಪ ಬೇಕಿದ್ದರೆ ಒಳಗೆ ಕಾಗದದ ಉಂಡೆ ಇಟ್ಟು ಮೇಲೆ ಹಿಟ್ಟು ಹೊದಿಸಿ. ಬಿಸಿಲಿಗೆ ಬೇಡ, ನೆರಳಿನಲ್ಲಿ ದಿನಕ್ಕೊಮ್ಮೆ ಮಗುಚುತ್ತಾ ಮೂರು ನಾಲ್ಕು ದಿನ ಒಣಗಿಸಿ. ಕೈಕಾಲು ಉದುರುವುದು ಒಣ ತುಂಡನ್ನು ಒಣ ತುಂಡಿಗೆ ಒತ್ತಿದ್ದರಿಂದ. ಎರಡೂ ಕಡೆ ಗೀರಿ, ನೀರಲ್ಲಿ ಕಲಸಿದ ಅದೇ ಹಿಟ್ಟು ಸವರಿ ಕೂಡಿಸಿ. ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಹೀರಿ ಬೊಂಬೆ ಮತ್ತೆ ಮೆತ್ತಗಾಗುತ್ತದೆ, ಪೂರ್ತಿ ಒಣಗಿದ ಮೇಲೆ ವಾರ್ನಿಶ್ ಹಚ್ಚಿ. ಈ ಹಿಟ್ಟಿನಲ್ಲಿ ಉಪ್ಪು ಅತಿಯಾಗಿರುವುದರಿಂದ ಮಕ್ಕಳಾಗಲಿ ನಾಯಿಯಾಗಲಿ ತಿನ್ನದಂತೆ ಎಚ್ಚರ ಬೇಕು.

ಪ್ರಶ್ನೆ: ಮಾಯಾ ಅವರೆಬಳ್ಳಿ ಹತ್ತಿ ಆಕಾಶಕ್ಕೆ ಹೋದ ಜ್ಯಾಕ್‌ನ ಕಥೆ ಹೇಳಿ ಹತ್ತಿಯಲ್ಲಿ ಕಾಳು ನೆನೆಹಾಕಿದೆವು. ಕೊಳೆತು ನಾರಿತು.
— ಐದು ವರ್ಷದ ಅವಳಿಗಳ ತಾಯಿ

ಮೊಳೆಯುವ ಬೀಜಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ನೀರಲ್ಲಿ ಮುಳುಗಿದ ಕಾಳು ಉಸಿರುಗಟ್ಟಿ ಕೊಳೆಯುತ್ತದೆ. ಕಾಳನ್ನು ಒಂದು ರಾತ್ರಿ ನೆನೆಸಿ, ಆಮೇಲೆ ನೀರು ಬಸಿಯಿರಿ. ಗಾಜಿನ ಲೋಟದ ಒಳಗೋಡೆಗೆ ದಪ್ಪ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ನಾಲ್ಕೈದು ಕಾಳು ಸಿಕ್ಕಿಸಿ. ತಳದಲ್ಲಿ ಎರಡು ಸೆಂ.ಮೀ. ನೀರು ಸಾಕು, ಕಾಳಿಗೆ ಮುಟ್ಟಬಾರದು. ಕಾಗದ ತಾನೇ ಹೀರಿ ತೇವ ಕೊಡುತ್ತದೆ. ಬಾಯಿ ಮುಚ್ಚಬೇಡಿ, ಮುಚ್ಚಿದರೆ ಬೂಸಲು ಬರುತ್ತದೆ. ಬೇಳೆಯಾಗಿ ಒಡೆದದ್ದು, ಹುರಿದದ್ದು ಮೊಳೆಯುವುದಿಲ್ಲ. ತಾಳ್ಮೆ ಕಡಿಮೆ ಇರುವ ಮಕ್ಕಳಿಗೆ ಹೆಸರುಕಾಳು ಒಳ್ಳೆಯದು, ಒಂದೆರಡು ದಿನದಲ್ಲೇ ಮೊಳಕೆ ಕಾಣುತ್ತದೆ. ಅವರೆ, ಹುರುಳಿಕಾಯಿ ಬೀಜಕ್ಕೆ ನಾಲ್ಕಾರು ದಿನ ಬೇಕು. ಹಸಿ ರಾಜ್ಮಾ ಕಾಳನ್ನು ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ, ಬೇಯಿಸದೆ ತಿಂದರೆ ವಾಂತಿಯಾಗುತ್ತದೆ.

ಇಬ್ಬರು ಮಕ್ಕಳಿರುವುದರಿಂದ ಎರಡು ಲೋಟ ಮಾಡಿ, ಮೊಳಕೆ ಬಂದ ಮೇಲೆ ಒಂದನ್ನು ಕಿಟಕಿಯ ಬಳಿ, ಒಂದನ್ನು ಕಪಾಟಿನ ಕತ್ತಲಲ್ಲಿ ಇಡಿ. ವಾರದೊಳಗೆ ಕತ್ತಲಲ್ಲಿದ್ದದ್ದೇ ಎತ್ತರ ಬೆಳೆದಿರುತ್ತದೆ, ಆದರೆ ಬಿಳಿಚಿ ಬಡಕಲಾಗಿ. ಜ್ಯಾಕ್ ಯಾವುದನ್ನು ಹತ್ತಬಹುದು? ಅವರಿಬ್ಬರೂ ವಾದಿಸಲಿ.

ಪ್ರಶ್ನೆ: ಎರಡು ವರ್ಷದ ಮಗುವಿಗೂ ಇವನ್ನೆಲ್ಲ ಮಾಡಿಸಬಹುದೇ?

ಕಥೆ ಹೇಳಬಹುದು, ಮೂರು ನಾಲ್ಕು ನಿಮಿಷದ್ದು. ಕಲ್ಲು, ಕಾಳು, ಗುಂಡಿ, ಮಣಿ ಬೇಡವೇ ಬೇಡ. ಮೂರು ವರ್ಷದೊಳಗಿನವರ ಆಟಿಕೆಗಳ ಪರೀಕ್ಷೆಗೆ ಬಳಸುವ ಕೊಳವೆಯ ಅಗಲ 31.7 ಮಿ.ಮೀ.; ಅದರೊಳಗೆ ಪೂರ್ತಿ ಕೂರುವ ಯಾವುದೇ ವಸ್ತು ಗಂಟಲಲ್ಲಿ ಸಿಕ್ಕಬಹುದು. ಮನೆಯಲ್ಲಿ ಅದಕ್ಕಿಂತ ಸ್ವಲ್ಪ ಅಗಲವಾದ, ಸುಮಾರು 4 ಸೆಂ.ಮೀ.ನ ಕಾಗದದ ಕೊಳವೆ ಮಾಡಿಟ್ಟುಕೊಂಡು, ಅದರಲ್ಲಿ ತೂರುವುದನ್ನೆಲ್ಲ ಮಗುವಿನ ಕೈಗೆ ಸಿಗದಂತೆ ಇಡಿ. ಈ ವಯಸ್ಸಿಗೆ ಕಥೆಯ ಒಂದು ವಸ್ತು ಸಾಕು: ಒಂದು ಬುಟ್ಟಿ, ಒಂದು ಬಟ್ಟೆ. "ಇಲಿ ಎಲ್ಲಿ?" ಎಂದರೆ ಬಟ್ಟೆ ಎತ್ತಿ ನೋಡುವುದೇ ಅದರ ಪಾಲು.

ಪ್ರಶ್ನೆ: ಪುಸ್ತಕ ನೋಡದೆ ಹೇಳಹೊರಟರೆ ನಡುವೆ ಮರೆತುಹೋಗುತ್ತದೆ. ಓದಿಯೇ ಹೇಳಿದರೆ ನಡೆಯದೇ?
— ಹೊಸದಾಗಿ ಸೇರಿದ ಶಿಕ್ಷಕಿ

ಓದುವುದೂ ಬೇಕು. ಆದರೆ ಚಟುವಟಿಕೆಗೆ ಹೋಗುವ ದಿನ ಬಾಯಲ್ಲೇ ಹೇಳಿ, ಕೈ ಕಣ್ಣು ಎರಡೂ ಬಿಡುವಾಗಿರುತ್ತವೆ. ಪೂರ್ತಿ ಕಥೆಯನ್ನು ಬಾಯಿಪಾಠ ಮಾಡಲು ಹೋಗುವುದರಿಂದಲೇ ಮರೆಯುವುದು; ಒಂದು ವಾಕ್ಯ ತಪ್ಪಿದರೆ ಮುಂದಿನದೂ ಹೋಗುತ್ತದೆ. ಪದಕ್ಕೆ ಪದ ನೆನಪಿಡಬೇಕಾದದ್ದು ಎರಡೇ: ಮೊದಲ ಸಾಲು ಮತ್ತು ಮತ್ತೆ ಮತ್ತೆ ಬರುವ ಪಲ್ಲವಿ. ಉಳಿದದ್ದನ್ನು ಆರು ತಿರುವುಗಳಾಗಿ ಒಡೆದು, ಒಂದೊಂದಕ್ಕೆ ಒಂದು ಗೀಟಿನ ಚಿತ್ರ ಬರೆದುಕೊಳ್ಳಿ. ಒಂದು ಉದ್ದ ದಾರಕ್ಕೆ ಆರು ಗಂಟು ಹಾಕಿ ಕೈಯಲ್ಲಿ ಹಿಡಿದು, ಒಂದೊಂದು ತಿರುವಿಗೆ ಒಂದೊಂದು ಗಂಟು ಸರಿಸುತ್ತಾ ಹೇಳಿ. ನಡುವೆ ಪ್ರಶ್ನೆ ಕೇಳುವುದು ಎರಡು ಮೂರಕ್ಕೆ ಮುಗಿಯಲಿ, ಹೆಚ್ಚಾದರೆ ಕಥೆ ಪರೀಕ್ಷೆಯಾಗುತ್ತದೆ. ಮರೆತರೆ ಗಾಬರಿ ಬೇಡ: "ಆಮೇಲೆ ಏನಾಯಿತು ಗೊತ್ತಾ?" ಎಂದು ಮಕ್ಕಳ ಕಡೆ ನೋಡಿ. ಎರಡನೆಯ ಸಲ ಕೇಳುತ್ತಿರುವವರು ಹೇಳಿಬಿಡುತ್ತಾರೆ. ನಾಲ್ಕನೆಯ ಸಲಕ್ಕೆ ದಾರವನ್ನು ಅವರ ಕೈಗೇ ಕೊಡಬಹುದು.